ಗೆರ್ನಿಕಾಕ್ಕೆ ಹೋದ ಇಬ್ಬರು ಹೆಂಗಸರು

ಸೂರತ್ತಿನ ಅಡಾಜಣ್‌ನಲ್ಲಿದ್ದ ತಮ್ಮನ ಮನೆಗೆ ಬಂದ ಮೇಲೆ ವಿಮಲಾ ಹೊರಗಿನವರ ಜೊತೆ ಮಾತಾಡುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಳು. ತಮ್ಮ ಮಾಧವನದು ಅಲ್ಲೇ ಮುಖ್ಯರಸ್ತೆಯಲ್ಲಿ ಉಡುಪಿ ಹೋಟೆಲು. ಬೆಳಿಗ್ಗೆ ಎದ್ದು ಚಟ್ನಿಗೆ ಕಾಯಿ ತುರಿದುಕೊಡುವಳು, ಸಾಂಬಾರಿಗೆ ಮಸಾಲೆ ಹುರಿಯುವಳು. ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತರೆ ಸಂಜೆಯವರೆಗೂ ಅಲ್ಲೇ. ಊಟಕ್ಕೆ ಕರೆದರೆ ಬರುವಳು, ಕರೆಯದಿದ್ದರೆ ಇಲ್ಲ.

ಅಂಥವಳನ್ನು ಹುಡುಕಿಕೊಂಡು ಅಹಮದಾಬಾದಿನಿಂದ ಪ್ರತಿಭಾಬೆನ್ ಬಂದಳು. ಗಲಭೆಯಲ್ಲಿ ಮನೆಯವರನ್ನು ಕಳೆದುಕೊಂಡ ಹೆಂಗಸರಿಗಾಗಿ ವಸ್ತ್ರಾಪುರದಲ್ಲಿ ಒಂದು ಸಣ್ಣ ಸಂಸ್ಥೆ ನಡೆಸುತ್ತಿದ್ದವಳು ಅವಳು. ಸ್ಪೇನ್ ದೇಶದ ಬಾಸ್ಕ್ ಸೀಮೆಯಲ್ಲಿ ಗೆರ್ನಿಕಾ ಎಂಬ ಹಳೆಯ ಊರಿದೆ, ಅಲ್ಲೊಂದು ಶಾಂತಿ ಮ್ಯೂಸಿಯಂ ಇದೆ, ಏಪ್ರಿಲ್‌ನಲ್ಲಿ ಬೇರೆ ಬೇರೆ ದೇಶದವರನ್ನು ಕರೆಸುತ್ತಿದ್ದಾರೆ, ನೀವು ಬರಬೇಕು ಎಂದಳು.

"ನಂಗೆ ಅಲ್ಲಿ ಎಂತ ಕೆಲಸ?" ಎಂದು ವಿಮಲಾ ತಮ್ಮನ ಕಡೆ ನೋಡಿ ಕನ್ನಡದಲ್ಲೇ ಕೇಳಿದಳು.

ಮಾಧವ ಹಿಂದಿಗೆ ತಿರುಗಿಸಿ ಹೇಳಿದ. ಪ್ರತಿಭಾಬೆನ್, "೧೯೩೭ರಲ್ಲಿ, ಅಲ್ಲಿಯ ಒಳಯುದ್ಧದಲ್ಲಿ, ಆ ಊರಿನ ಮೇಲೆ ಜರ್ಮನಿಯ ವಿಮಾನಗಳಿಂದ ಬಾಂಬು ಹಾಕಿ ಸುಟ್ಟರು. ಸಂತೆಯ ದಿನ. ಆಮೇಲೆ ಸರ್ಕಾರದವರು, ಯಾರೂ ಬಾಂಬು ಹಾಕಲಿಲ್ಲ, ಇವರೇ ತಮ್ಮ ಊರಿಗೆ ಬೆಂಕಿ ಇಟ್ಟುಕೊಂಡರು ಅಂತ ಹೇಳಿದರು. ಎಷ್ಟೋ ವರ್ಷ ಹಾಗೇ ಹೇಳಿಸಿದರು," ಎಂದಳು.

ವಿಮಲಾ ತಲೆಯೆತ್ತಿದಳು. "ಇವರೇ ಇಟ್ಟುಕೊಂಡರು ಅಂತಲಾ?"

"ಹೌದು ಬೆನ್."

ಆ ಒಂದು ಮಾತಿಗೆ ಅವಳು ಹೊರಟಳು.

ಅವಳ ಗಂಡ ಸುಬ್ರಹ್ಮಣ್ಯನ ಹೋಟೆಲು ಇದ್ದದ್ದು ವಡೋದರಾದ ಹಳೆಯ ಊರಿನ ಅಂಚಿನ ಒಂದು ಗಲ್ಲಿಯಲ್ಲಿ. ೨೦೦೨ರ ಮಾರ್ಚಿನಲ್ಲಿ ಊರೆಲ್ಲ ಹೊತ್ತಿಕೊಂಡಾಗ ಅವನು ಹೋಟೆಲು ಕಾಯಲೆಂದು ಹೋಗಿ ಶಟರು ಅರ್ಧ ಇಳಿಸಿ ಒಳಗೆ ಕೂತಿದ್ದ. ಪಕ್ಕದ್ದು ಯಾಸೀನ್‌ಭಾಯಿಯ ಟೈಲರ್ ಅಂಗಡಿ, ಮೇಲೆ ಅವನ ಮನೆ. ಅವನು ಆ ದಿನ ಭರೂಚಿನಲ್ಲಿದ್ದ. ಗುಂಪು ಬಂದು ಅಂಗಡಿಗೆ ಬೆಂಕಿಯಿಟ್ಟಿತು. ಅವನ ಹೆಂಡತಿ ಶಮೀಮ್ ಇಬ್ಬರು ಮಕ್ಕಳನ್ನು ಎಳೆದುಕೊಂಡು ಹೋಟೆಲಿನೊಳಗೆ ನುಗ್ಗಿದಳು. ಸುಬ್ರಹ್ಮಣ್ಯ ಅವರನ್ನು ಹಿಂಬಾಗಿಲಿನಿಂದ ದಾಟಿಸಿದ. ಗುಂಪು ಹೋಟೆಲಿಗೂ ಬೆಂಕಿ ಹಚ್ಚಿತು. ಅವನು ಹೊರಗೆ ಬರಲಿಲ್ಲ.

ಠಾಣೆಯಲ್ಲಿ ಬರೆದುಕೊಂಡದ್ದು ಬೇರೆ. ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಸಿಡಿದು ಆಕಸ್ಮಿಕ ಸಾವು. ಗಲ್ಲಿಯವರೆಲ್ಲ ಅದನ್ನೇ ಹೇಳಿದರು. ದಿನಾ ಬೆಳಿಗ್ಗೆ ಸುಬ್ರಹ್ಮಣ್ಯನ ಕೈಯ ಚಹಾ ಕುಡಿದು, ಅವನನ್ನು "ಅಣ್ಣಾ" ಎಂದು ಕರೆಯುತ್ತಿದ್ದವರೇ ಅವರು. ಶಮೀಮ್ ಒಬ್ಬಳು ಮಾತ್ರ ನಿರಾಶ್ರಿತರ ಶಿಬಿರದಲ್ಲಿ ಕೂತು ನಡೆದದ್ದನ್ನು ನಡೆದ ಹಾಗೆ ಹೇಳಿದ್ದಳು. ಅವಳ ಮಾತನ್ನೇ ನಂಬಿಕೊಂಡು ವಿಮಲಾ ವಕೀಲರ ಬಾಗಿಲು ತಟ್ಟಿದಳು. ಆದರೆ ಆ ವರ್ಷದ ಕೊನೆಗೆ ಶಮೀಮಳ ಸಂಸಾರ ಅದೇ ಗಲ್ಲಿಗೆ ವಾಪಸು ಬಂತು, ಬಂದ ವಾರದಲ್ಲೇ ಅವಳು ಹೇಳಿಕೆ ಬದಲಾಯಿಸಿದಳು. ಮೊದಲು ಹೇಳಿದ್ದು ಗಾಬರಿಯಲ್ಲಿ ಹೇಳಿದ್ದು, ಸಿಲಿಂಡರ್ ಸಿಡಿದದ್ದೇ ನಿಜ.

ವಕೀಲರು ಅದನ್ನು ಹೇಳಿದ ದಿನ ವಿಮಲಾ ಅತ್ತಿರಲಿಲ್ಲ. ವಡೋದರಾದ ಮನೆ ಖಾಲಿ ಮಾಡಿ ಸೂರತ್ತಿಗೆ ಬಂದಳು. ಒಂದು ಪ್ರಶ್ನೆ ಮಾತ್ರ ಅವಳ ಜೊತೆಗೇ ಬಂತು. ಬೇರೆಯವರನ್ನು ದಾಟಿಸಲಿಕ್ಕೆ ಹಿಂಬಾಗಿಲು ತೆರೆದಿತ್ತಲ್ಲ, ಇವರು ಯಾಕೆ ಅದೇ ಬಾಗಿಲಿನಿಂದ ಬರಲಿಲ್ಲ?

*

ಹೊರಡುವ ದಿನ ವಸ್ತ್ರಾಪುರದ ಆ ಕಚೇರಿಗೆ ಹೋದರೆ ಮೂಲೆಯ ಕುರ್ಚಿಯಲ್ಲಿ ಶಮೀಮ್ ಕೂತಿದ್ದಳು. ಮೊದಲಿಗಿಂತ ಬಡಕಲಾಗಿದ್ದಳು. ವಿಮಲಾಳನ್ನು ಕಂಡು ಎದ್ದು ನಿಂತಳು, "ದೀದಿ" ಎಂದಳು. ವಿಮಲಾ ಬಾಗಿಲಲ್ಲೇ ನಿಂತುಬಿಟ್ಟಳು.

ಅಹಮದಾಬಾದಿನಲ್ಲೇ ಡಿಸೈನ್ ಓದುತ್ತಿದ್ದ ಮಗಳು ಚೈತ್ರಾ ಬೀಳ್ಕೊಡಲು ಬಂದಿದ್ದಳು. ಹೋಟೆಲಿನ ಕಡೆ ಅಪರೂಪಕ್ಕೆ ಹೋಗುತ್ತಿದ್ದ ಅವಳಿಗೆ ಶಮೀಮಳ ಗುರುತು ಹತ್ತಲಿಲ್ಲ.

"ಯಾರಮ್ಮ ಅವರು?"

"ಯಾರೋ. ನಂಗೆ ಗೊತ್ತಿಲ್ಲ."

ವಾಪಸು ಹೋಗಿಬಿಡೋಣವೆಂದೇ ವಿಮಲಾಳಿಗೆ ಅನ್ನಿಸಿತ್ತು. ಆದರೆ ಪ್ರತಿಭಾಬೆನ್ ಟಿಕೆಟ್ಟು ಕೈಗೆ ಕೊಟ್ಟಾಗಿತ್ತು, ಗಾಡಿ ಕೆಳಗೆ ನಿಂತಿತ್ತು. ಮುಂಬಯಿಯಿಂದ ವಿಮಾನ, ಮತ್ತೆ ಇನ್ನೊಂದು ವಿಮಾನ, ಆಮೇಲೆ ಮಳೆಯಲ್ಲಿ ಒಂದು ಬಸ್ಸು. ಆ ದಾರಿಯುದ್ದಕ್ಕೂ ಅವಳು ಶಮೀಮಳ ಮುಖ ನೋಡಲಿಲ್ಲ. ಗೆರ್ನಿಕಾದ ವಸತಿಗೃಹದಲ್ಲಿ ಇಬ್ಬರಿಗೂ ಒಂದೇ ಕೋಣೆ ಎಂದು ತಿಳಿದಾಗ ಮಾತ್ರ ಪ್ರತಿಭಾಬೆನ್‌ಳನ್ನು ಬದಿಗೆ ಕರೆದು, "ನೀವು ಬೇಕಂತಲೇ ಹೀಗೆ ಮಾಡಿದಿರಿ," ಎಂದಳು. ಪ್ರತಿಭಾಬೆನ್ ಅಲ್ಲಗಳೆಯಲಿಲ್ಲ.

ಊರು ಚಿಕ್ಕದು. ಸುತ್ತ ಹಸಿರು ಗುಡ್ಡ, ನಡುವೆ ಒತ್ತಾಗಿ ಕಟ್ಟಿದ ಮನೆಗಳು. ಹಳೆಯ ಊರು ಎಂದು ಕೇಳಿ ಬಂದಿದ್ದ ವಿಮಲಾಳಿಗೆ ಹಳೆಯದು ಅಷ್ಟಾಗಿ ಕಾಣಲಿಲ್ಲ. ಬಹುಪಾಲು ಸುಟ್ಟು ಹೋಗಿ ಮತ್ತೆ ಕಟ್ಟಿದ್ದು ಎಂದರು. ಹಿಂದೆ ಊರಿನ ಹಿರಿಯರು ಅದರ ಕೆಳಗೆ ಸಭೆ ಸೇರುತ್ತಿದ್ದರೆಂದು ಒಂದು ಓಕ್ ಮರ ತೋರಿಸಿದರು. ಬಾಂಬಿನಲ್ಲಿ ಉಳಿದ ಮರವಂತೆ, ಈಗ ರೋಗ ಬಂದು ಒಣಗುತ್ತಿತ್ತು. ಜನ ಬೇಲಿಯಾಚೆ ನಿಂತು ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡುವ ಹಾಗೆ ಅದನ್ನು ನೋಡುತ್ತಿದ್ದರು.

ಮಾರನೆಯ ದಿನ ಮ್ಯೂಸಿಯಂಗೆ ಕರೆದೊಯ್ದರು. ಮಿರೆನ್ ಎಂಬ ಮುದುಕಿ ಎದುರುಗೊಂಡಳು. ಬಾಂಬು ಬಿದ್ದಾಗ ಅವಳು ಚಿಕ್ಕ ಹುಡುಗಿ. ಬೆನ್ನು ಬಾಗಿತ್ತು, ದನಿ ಮಾತ್ರ ಗಟ್ಟಿ. ಅವಳ ಮಾತನ್ನು ಊರಿನ ಒಬ್ಬ ಹುಡುಗಿ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು, ಪ್ರತಿಭಾಬೆನ್ ಅದನ್ನು ಹಿಂದಿಗೆ.

ಮೊದಲು ಒಂದು ಕೋಣೆಯಲ್ಲಿ ಕೂರಿಸಿದರು. ಆ ಕಾಲದ ಒಂದು ಮನೆಯ ಹಾಗೆ ಸಜ್ಜುಮಾಡಿದ್ದ ಕೋಣೆ. ಮೇಜು, ಕುರ್ಚಿ, ಗೋಡೆಯಲ್ಲಿ ಪಟ. ಬಾಗಿಲು ಮುಚ್ಚಿತು. ದೀಪ ಮಂದವಾಯಿತು. ಒಬ್ಬ ಹೆಂಗಸಿನ ದನಿ ಮಾತಾಡತೊಡಗಿತು. ಭಾಷೆ ತಿಳಿಯದಿದ್ದರೂ ದನಿಯ ಧಾಟಿಯಿಂದ ಮನೆವಾರ್ತೆಯ ಮಾತೆಂದು ವಿಮಲಾಳಿಗೆ ಗೊತ್ತಾಯಿತು. ಸಂತೆ, ಮಕ್ಕಳು, ಅಡುಗೆ, ಇಂಥದ್ದೇ. ಆಮೇಲೆ ಎಲ್ಲೋ ದೂರದಲ್ಲಿ ಗಂಟೆ. ವಿಮಾನದ ಗುಂಯ್‌ಗುಡುವಿಕೆ. ಪೂರ್ತಿ ಕತ್ತಲೆ. ಮತ್ತೆ ಕಿವಿ ಒಡೆಯುವ ಸದ್ದು, ಏನೋ ಉರಿದು ಬೀಳುವ ಸದ್ದು.

ಪಕ್ಕದಲ್ಲಿ ಕೂತಿದ್ದ ಶಮೀಮ್ ಕಿರುಚಿದಳು.

"ದರವಾಜಾ ಖೋಲೋ! ಅಣ್ಣಾ, ದರವಾಜಾ ಖೋಲೋ!"

ಕತ್ತಲಲ್ಲಿ ಅವಳು ಎದ್ದು, ಬಾಗಿಲು ತೆಗೆಯಿರಿ ಎಂದು ಗೋಡೆಯನ್ನು ಎರಡೂ ಕೈಯಿಂದ ಬಡಿಯುತ್ತಿದ್ದಳು. ವಿಮಲಾ ಎದ್ದಳು. ತಾನೇಕೆ ಎದ್ದೆ ಎಂದು ಯೋಚಿಸುವಷ್ಟು ಪುರಸೊತ್ತಿರಲಿಲ್ಲ. ತಡವರಿಸುತ್ತ ಶಮೀಮಳ ಸೊಂಟಕ್ಕೆ ಕೈಹಾಕಿ ಎಳೆದು ಹಿಡಿದಳು. ಯಾರೋ ದೀಪ ಹಾಕಿದರು. ಪ್ರತಿಭಾಬೆನ್ ಓಡಿ ಬಂದಳು. "ನೀರು ತನ್ನಿ, ನಾನು ನೋಡಿಕೊಳ್ತೇನೆ," ಎಂದು ವಿಮಲಾ ಶಮೀಮಳನ್ನು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದಳು.

ಮಿರೆನ್ ಅಜ್ಜಿಯೂ ಹಿಂದೆಯೇ ಬಂದು ಶಮೀಮಳ ಇನ್ನೊಂದು ಪಕ್ಕದಲ್ಲಿ ಕೂತಳು. ಕ್ಷಮೆ ಕೇಳಿದಳು, ಅವಳ ಬೆನ್ನು ಸವರಿದಳು. ಇವಳಿಗೆ ಏನಾಗಿತ್ತು ಎಂದು ಕೇಳಿದಳು. ಪ್ರತಿಭಾಬೆನ್ ಎರಡು ಮಾತಿನಲ್ಲಿ ಹೇಳಿದಳು. ಹೇಳಿಕೆ ಬದಲಾಯಿಸಿದ್ದನ್ನೂ ಸೇರಿಸಿ ಹೇಳಿದಳೆಂದು ತೋರುತ್ತದೆ, ಯಾಕೆಂದರೆ ಮುದುಕಿ ತಲೆಯಾಡಿಸಿ ಶಮೀಮಳ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

"ನನ್ನ ಅಮ್ಮನೂ ಹೇಳಿದಳು," ಎಂದಳು ಆಮೇಲೆ. "ಅಣ್ಣನನ್ನು ಜೈಲಿಗೆ ಹಾಕಿದ್ದರು. ಊರಿಗೆ ಬೆಂಕಿಯಿಟ್ಟದ್ದು ನಮ್ಮವರೇ ಅಂತ ಅಮ್ಮ ಅಧಿಕಾರಿಯ ಎದುರು ನಿಂತು ಹೇಳಿದಳು. ವಿಮಾನ ನೋಡಲಿಲ್ಲವಾ ಎಂದು ಕೇಳಿದರೆ ಇಲ್ಲ ಅಂದಳು. ನನ್ನ ತಂಗಿ ಸತ್ತದ್ದು ಅದೇ ಬಾಂಬಿನಲ್ಲಿ. ಮನೆಗೆ ಬಂದು ಕಿಟಕಿಯೆಲ್ಲ ಮುಚ್ಚಿ, ನಮ್ಮನ್ನು ಹತ್ತಿರ ಕೂರಿಸಿಕೊಂಡು, ವಿಮಾನ ಬಂದಿತ್ತು ಮಕ್ಕಳೇ, ನೀವು ಮರೆಯಬೇಡಿ ಅಂದಳು."

"ಅಣ್ಣ ಬಿಡುಗಡೆ ಆದನಾ?" ಎಂದು ವಿಮಲಾ ಕೇಳಿದಳು.

"ಇಲ್ಲ. ಜೈಲಿನಲ್ಲೇ ತೀರಿಕೊಂಡ."

ಬಹಳ ವರ್ಷಗಳ ಮೇಲೆ ಜರ್ಮನಿಯ ರಾಷ್ಟ್ರಪತಿ, ಹೌದು, ಬಾಂಬು ಹಾಕಿದ್ದು ನಮ್ಮ ವಿಮಾನಗಳು ಎಂದು ಒಪ್ಪಿಕೊಂಡದ್ದನ್ನೂ ಮುದುಕಿ ಹೇಳಿದಳು. ಅದನ್ನು ಬದುಕಿ ಉಳಿದವರ ಎದುರು ಓದಿದರಂತೆ.

"ನಿಮಗೆ ಸಮಾಧಾನ ಆಯಿತಾ?" ಎಂದಳು ವಿಮಲಾ.

ಮಿರೆನ್ ಯೋಚಿಸಿದಳು. "ಅಮ್ಮ ಅಷ್ಟರಲ್ಲಿ ಹೋಗಿಬಿಟ್ಟಿದ್ದಳು," ಎಂದಳು.

*

ಮಧ್ಯಾಹ್ನ ಮಿಕ್ಕವರು ಊಟಕ್ಕೆ ಹೋದರು. ಶಮೀಮ್ ಏಳಲಿಲ್ಲ. ವಿಮಲಾಳೂ ಏಳಲಿಲ್ಲ. ಹೊರಗೆ ಜಿನುಗು ಮಳೆ. ಇಬ್ಬರ ನಡುವಿನ ಭಾಷೆ ಹಿಂದಿ. ವಿಮಲಾಳದು ಹೋಟೆಲಿನ ಹಿಂದಿ, ಶಮೀಮಳದು ಅರ್ಧಕ್ಕರ್ಧ ಗುಜರಾತಿ.

"ಒಂದು ಕೇಳ್ತೇನೆ," ಎಂದಳು ವಿಮಲಾ. "ಸುಳ್ಳು ಹೇಳಬೇಡ. ಅವರು ನಿಮ್ಮ ಹಿಂದೆ ಯಾಕೆ ಬರಲಿಲ್ಲ?"

ಶಮೀಮ್ ದುಪಟ್ಟಾದಿಂದ ಮುಖ ಒರೆಸಿಕೊಂಡಳು. "ನೀವು ಯಾವತ್ತೂ ಕೇಳಲಿಲ್ಲ ದೀದಿ. ಕೇಳಲಿಕ್ಕೆ ಬರ್ತೀರಿ ಅಂತ ಶಿಬಿರದಲ್ಲಿ ದಿನಾ ಕಾದೆ."

"ಈಗ ಕೇಳ್ತಾ ಇದ್ದೇನಲ್ಲ."

"ಹೇಳ್ತೇನೆ. ಎಲ್ಲ ಹೇಳ್ತೇನೆ, ನಿಮಗೆ ಬೇಜಾರಾದರೂ." ಶಮೀಮ್ ದನಿ ತಗ್ಗಿಸಿದಳು. "ಅಣ್ಣ ಮೊದಲು ನಮ್ಮನ್ನು ಒಳಗೆ ಬಿಡಲಿಲ್ಲ. ನಾವು ಬರುವಷ್ಟರಲ್ಲಿ ಶಟರು ಪೂರ್ತಿ ಎಳೆದುಬಿಟ್ಟಿದ್ದರು. ನಾನು ಬಡಿದೆ. ಹೋಗು ಶಮೀಮ್, ಬೇರೆ ಎಲ್ಲಾದರೂ ಹೋಗು, ನನ್ನ ಹೋಟೆಲಿಗೂ ಇಡ್ತಾರೆ, ನನಗೂ ಮಗಳಿದ್ದಾಳೆ ಅಂತ ಒಳಗಿಂದಲೇ ಅಂದರು. ನಾನು ಮತ್ತೆ ಬಡಿದೆ. ಅವರು ಒಳಗೆ ಅಳ್ತಾ ಇದ್ದರು ದೀದಿ, ನನಗೆ ಕೇಳಿಸ್ತಿತ್ತು. ಆಮೇಲೆ ಶಟರು ಎತ್ತಿದರು."

ಪ್ರತಿಭಾಬೆನ್‌ಳ ಸಂಸ್ಥೆಯವರು ಹೇಳುತ್ತಿದ್ದ ಕಥೆಯಲ್ಲಿ ಸುಬ್ರಹ್ಮಣ್ಯ ಎದೆಯೊಡ್ಡಿ ನಿಂತಿದ್ದ.

"ಮುಂದೆ?"

"ಅಡುಗೆಮನೆ ದಾಟಿ ಹಿಂಬಾಗಿಲು ತೆಗೆದರು. ಹಿಂದುಗಡೆ ಚಾಲ್ ಇದೆಯಲ್ಲ, ಗೋಡೆಗೆ ಗೋಡೆ ಅಂಟಿಕೊಂಡು, ಎಷ್ಟು ಸಂಸಾರ. ಮಕ್ಕಳು ದಾಟಿದರು, ನಾನು ದಾಟಿದೆ. ನೀವೂ ಬನ್ನಿ ಅಂತ ಕೈ ಹಿಡಿದೆ. ಅಷ್ಟರಲ್ಲಿ ಮುಂದಿನಿಂದ ಹೊಗೆ ಬರ್ತಿತ್ತು. ಅಣ್ಣ ಕೈ ಬಿಡಿಸಿಕೊಂಡರು. 'ತುಮ್ ಜಾವೋ, ಮೈ ಗ್ಯಾಸ್ ಬಂದ್ ಕರ್‌ಕೇ ಆತಾ ಹೂಂ' ಅಂದರು. ಸಿಲಿಂಡರ್ ಸಿಡಿದರೆ ಚಾಲ್ ಪೂರ್ತಿ ಹೋಗ್ತದೆ ಅಂತ."

ವಿಮಲಾ ಅವಳನ್ನೇ ನೋಡಿದಳು.

"ಒಂದೂ ಸಿಡಿಯಲಿಲ್ಲ ದೀದಿ. ಎಲ್ಲವನ್ನೂ ಬಂದ್ ಮಾಡಿದ್ದರು. ಮಾರನೆಯ ದಿನ ಗಲ್ಲಿಯವರೇ ಅವನ್ನು ಹೊತ್ತು ಹೊರಗಿಟ್ಟರು. ಇಡೀ ಸಿಲಿಂಡರ್‌ಗಳು. ಅವೇ ಸಿಡಿದವು ಅಂತ ಆಮೇಲೆ ಬರೆಸಿದರು. ನಾನೂ ಸಹಿ ಹಾಕಿದೆ."

ಎರಡು ವರ್ಷದಿಂದ ಬಾರದಿದ್ದ ಅಳು ವಿಮಲಾಳಿಗೆ ಆಗ ಬಂತು. ಮನೆಯಿಂದ ಹೊರಡುವಾಗಲೂ ಆ ಮನುಷ್ಯ ಒಲೆಯ ಹತ್ತಿರ ವಾಪಸು ಹೋಗಿ ಗ್ಯಾಸಿನ ಗುಬುಟು ಮುಟ್ಟಿ ನೋಡುತ್ತಿದ್ದ. ಬಸ್ಸು ತಪ್ಪುತ್ತದೆ, ಬನ್ನಿ ಎಂದು ತಾನು ಬಾಗಿಲಲ್ಲಿ ನಿಂತು ಬೈಯುತ್ತಿದ್ದದ್ದು ನೆನಪಾಯಿತು. ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಶಮೀಮ್ ಮುಟ್ಟಲು ಧೈರ್ಯವಾಗದೆ ಪಕ್ಕದಲ್ಲಿ ಕೂತಿದ್ದಳು.

ಸಂಜೆಯ ಸಭೆಯಲ್ಲಿ ವಿಮಲಾಳ ಸರದಿ ಬಂತು. ಗಂಡನನ್ನು ಮಹಾತ್ಮನ ಹಾಗೆ ಬಣ್ಣಿಸುವ ನಾಲ್ಕು ಮಾತನ್ನು ಪ್ರತಿಭಾಬೆನ್ ಹೇಳಿಕೊಟ್ಟಿದ್ದಳು. ವಿಮಲಾ ಎದ್ದು ನಿಂತು ಅದನ್ನು ಬಿಟ್ಟು ಬೇರೆಯೇ ಹೇಳಿದಳು.

"ನನ್ನ ಗಂಡ ಹೆದರಿದ್ದರು. ಮೊದಲು ಬಾಗಿಲು ತೆಗೆಯಲಿಲ್ಲ. ಆಮೇಲೆ ತೆಗೆದರು. ಗ್ಯಾಸ್ ಬಂದ್ ಮಾಡಲಿಕ್ಕೆ ಹೋಗಿ ಸತ್ತರು. ನಮ್ಮೂರಿನಲ್ಲಿ ಗ್ಯಾಸ್ ಸಿಡಿದು ಸತ್ತರು ಅಂತಾರೆ. ಇಷ್ಟೇ."

ಅನುವಾದ ಮುಗಿಯುವವರೆಗೆ ಅವಳು ನಿಂತೇ ಇದ್ದಳು. ಯಾರೋ ಶಮೀಮಳ ಕಡೆ ಕ್ಯಾಮರಾ ತಿರುಗಿಸಿದರು. ಶಮೀಮ್ ತಟ್ಟನೆ ದುಪಟ್ಟಾ ಮುಖದ ಮೇಲೆ ಎಳೆದುಕೊಂಡು, "ಫೋಟೋ ಬೇಡ, ಫೋಟೋ ಬೇಡ," ಎಂದಳು. ವಿಮಲಾ ಹೋಗಿ ಅವಳಿಗೆ ಅಡ್ಡವಾಗಿ ನಿಂತಳು.

*

ಊರಿಗೆ ಮರಳಿ, ಅಹಮದಾಬಾದಿನಿಂದ ಸೂರತ್ತಿಗೆ ಹೋಗುವ ರೈಲನ್ನು ವಿಮಲಾ, ಶಮೀಮ್, ಚೈತ್ರಾ ಮೂವರೂ ಹತ್ತಿದರು. ಚೈತ್ರಾ ಬೇಸಿಗೆ ರಜೆಗೆ ಮಾವನ ಮನೆಗೆ ಹೊರಟಿದ್ದಳು. ಶಮೀಮ್ ನಡುವೆ ವಡೋದರಾದಲ್ಲಿ ಇಳಿಯುವವಳು.

ರೈಲು ಊರು ಬಿಟ್ಟ ಮೇಲೆ ವಿಮಲಾ ಮಗಳಿಗೆ ಹೇಳಿದಳು, "ಇವಳು ಶಮೀಮ್. ಆವತ್ತು ಗೊತ್ತಿಲ್ಲ ಅಂತ ಸುಳ್ಳು ಹೇಳಿದೆ. ಅಪ್ಪನ ಬಗ್ಗೆ ಇವಳು ಎಂತದೋ ಹೇಳ್ತಾಳೆ, ಕೇಳು."

ಚೈತ್ರಾ ಶಮೀಮಳಿಂದ ದೂರ ಸರಿದು ಕೂತಳು. ಆದರೂ ಕೇಳಿದಳು. ಗುಜರಾತಿ ಮನೆಯಲ್ಲಿ ಹುಟ್ಟಿದವಳ ಹಾಗೆ ಗುಜರಾತಿ ಆಡುವ ಹುಡುಗಿ ಅವಳು. ಅವರಿಬ್ಬರ ಮಾತು ಎಷ್ಟು ವೇಗವಾಗಿ ಸಾಗಿತೆಂದರೆ ವಿಮಲಾಳಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಶಮೀಮ್ ಕೈ ಸನ್ನೆಯಲ್ಲಿ ಶಟರು ಎಳೆದು ತೋರಿಸಿದಳು, ಎತ್ತಿ ತೋರಿಸಿದಳು. ಒಮ್ಮೆ ಚೈತ್ರಾಳ ದನಿ ಏರಿತು. ಎದುರು ಸೀಟಿನವರು ತಿರುಗಿ ನೋಡಿದರು.

"ಏನು ಕೇಳಿದೆ?" ಎಂದಳು ವಿಮಲಾ.

"ಕೋರ್ಟಲ್ಲಿ ಹೇಳ್ತೀರಾ ಅಂತ ಕೇಳಿದೆ. ಆಗಲ್ಲವಂತೆ." ಚೈತ್ರಾಳ ಕನ್ನಡ ತಡವರಿಸಿತು. "ಸ್ಪೇನಲ್ಲಿ ಹೇಳಲಿಕ್ಕೆ ಆಗ್ತದೆ, ಇಲ್ಲಿ ಆಗಲ್ಲ. ವಾಟ್ ಈಸ್ ದಿಸ್, ಅಮ್ಮ? ಅಪ್ಪ ಇವರಿಗೋಸ್ಕರ..."

ಶಮೀಮ್‌ಗೆ ಕನ್ನಡ ಬಾರದಿದ್ದರೂ ವಿಷಯ ತಿಳಿಯಿತು. ಅವಳು ವಿಮಲಾಳ ಕಡೆ ತಿರುಗಿ ಹಿಂದಿಯಲ್ಲಿ, "ನಾವು ವಾಪಸು ಬಂದ ದಿನ ಎದುರು ಮನೆಯವರು ಯಾಸೀನ್‌ನನ್ನು ಕರೆದು ಕೂರಿಸಿಕೊಂಡರು. ಚಹಾ ಕೊಟ್ಟರು. ನಿನ್ನ ಮಗಳು ಯಾವ ದಾರಿಯಲ್ಲಿ ಶಾಲೆಗೆ ಹೋಗ್ತಾಳೆ ಅಂತ ಕೇಳಿದರು. ಅಷ್ಟೇ ದೀದಿ, ಬೇರೆ ಏನೂ ಹೇಳಲಿಲ್ಲ," ಎಂದಳು. "ನಮಗೆ ಬೇರೆ ಊರಿಲ್ಲ."

ಚೈತ್ರಾ ಕಿಟಕಿಯ ಕಡೆ ಮುಖ ಮಾಡಿದಳು. ವಡೋದರಾ ಬರುವವರೆಗೆ ಹಾಗೇ ಕೂತಿದ್ದಳು.

ಪ್ಲಾಟ್‌ಫಾರಮ್ಮಿನಲ್ಲಿ ಯಾಸೀನ್‌ಭಾಯಿ ಕಾಯುತ್ತಿದ್ದ. ಕಿಟಕಿಯಲ್ಲಿ ವಿಮಲಾಳನ್ನು ಕಂಡು ಕೈಯೆತ್ತಿದ, ಆಮೇಲೆ ತಲೆ ತಗ್ಗಿಸಿ ನಿಂತ. ಶಮೀಮ್ ಇಳಿಯುವ ಮೊದಲು ಚೈತ್ರಾಳ ತಲೆ ಸವರಲು ಕೈ ಚಾಚಿದಳು. ಚೈತ್ರಾ ತಲೆ ಸರಿಸಿದಳು.

"ಹೋಗಿ ಬಾ," ಎಂದಳು ವಿಮಲಾ. "ಸೂರತ್ತಿಗೆ ಬಂದರೆ ಮನೆಗೆ ಬಾ."

ಬರುತ್ತೇನೆ ಎಂದು ಶಮೀಮ್ ಹೇಳಲಿಲ್ಲ. ಗಂಡನ ಹಿಂದೆ ಜನರ ನಡುವೆ ಹೋದಳು.

ರೈಲು ಹೊರಟಿತು. ಊರು ಹಿಂದಾಗುತ್ತಿದ್ದಂತೆ ಚೈತ್ರಾ, "ನೀನು ಅವಳ ಜೊತೆ ಹೇಗೆ ಕೂತೆ ಅಮ್ಮ? ಒಂದೇ ರೂಮಲ್ಲಿ?" ಎಂದಳು.

"ಮೊದಲು ಕೂರ್ಲಿಕ್ಕೆ ಆಗಲಿಲ್ಲ. ಅವಳ ಸಹಿಯ ಸಿಟ್ಟು ನಂಗೆ ಈಗಲೂ ಇದೆ ಮಗಾ. ಹೋಗುದಿಲ್ಲ ಅದು." ವಿಮಲಾ ಸೆರಗು ಸರಿಮಾಡಿಕೊಂಡಳು. "ಆದರೆ ಅಪ್ಪನ ಕೊನೆಯ ಮಾತು ಗೊತ್ತಿರುವುದು ಅವಳೊಬ್ಬಳಿಗೆ. ಅವಳನ್ನೂ ಬಿಟ್ಟರೆ ಮತ್ತೆ ಯಾರನ್ನು ಕೇಳುದು?"

ಚೈತ್ರಾ ಬಹಳ ಹೊತ್ತು ಉಗುರು ಕಚ್ಚುತ್ತ ಕೂತಳು. ಹೊರಗೆ ಬಿಸಿಲಿಗೆ ಬೆಳ್ಳಗಾದ ಹೊಲಗಳು ಓಡುತ್ತಿದ್ದವು.

"ಅಪ್ಪ ನಿಜವಾಗಿ ಅತ್ತರಾ?"

"ಅತ್ತರಂತೆ."

"ನನಗೂ ಮಗಳಿದ್ದಾಳೆ ಅಂದರಾ?"

"ಹೌದು."

ಅಪ್ಪ ಸತ್ತ ದಿನದಿಂದ ಆ ಹುಡುಗಿ ಜನರ ಎದುರು ಕಣ್ಣೀರು ಹಾಕಿರಲಿಲ್ಲ. ಭಾಷಣ ಮಾಡಿದವರ ಎದುರು, ಹಾರ ಹಾಕಿದವರ ಎದುರು ನೆಟ್ಟಗೆ ನಿಂತಿದ್ದಳು. ಈಗ ತುಂಬಿದ ಬೋಗಿಯಲ್ಲಿ, ಕಡಲೆಕಾಯಿ ಮಾರುವವನು ಕೂಗುತ್ತ ಹೋಗುತ್ತಿರುವಾಗ, ತಾಯಿಯ ತೊಡೆಯ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಮಳೆಗಾಲ ಮುಗಿಯುವ ಹೊತ್ತಿಗೆ, ಸಾಕ್ಷಿಯಿಲ್ಲವೆಂದು ಪ್ರಕರಣ ಮುಚ್ಚಿತೆಂದು ವಕೀಲರು ಫೋನು ಮಾಡಿ ತಿಳಿಸಿದರು. ವಿಮಲಾ ಸರಿ ಎಂದು ಫೋನಿಟ್ಟಳು. ಶಮೀಮ್ ಸೂರತ್ತಿಗೆ ಬರಲಿಲ್ಲ, ಕಾಗದವನ್ನೂ ಹಾಕಲಿಲ್ಲ. ಒಮ್ಮೆ ಮಾತ್ರ, ಮುಂದಿನ ಮಾರ್ಚಿನಲ್ಲಿ, ಎಲ್ಲಿಂದಲೋ ಫೋನು ಬಂತು. ಆ ಕಡೆಯಿಂದ ಮಾತಿಲ್ಲ, ಉಸಿರಾಡುವ ಸದ್ದು, ಹಿಂದೆ ಎಲ್ಲೋ ಹೊಲಿಗೆ ಯಂತ್ರ ಓಡುವ ಸದ್ದು. ಯಾರೆಂದು ವಿಮಲಾ ಕೇಳಲಿಲ್ಲ. ಬಾಲ್ಕನಿಯ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಆ ಕಡೆಯವರು ತಾವಾಗಿ ಇಡುವವರೆಗೂ, ಫೋನನ್ನು ಕಿವಿಗೆ ಹಿಡಿದು ಕೂತಿದ್ದಳು.